ಬಲಕ್ಕೆ ತಿರುಗದ ಜೀಪು

ನಲವತ್ತೈದು ದಾಟಿದ ಮೇಲೆ ಗಂಡಸರಿಗೆ ಏನಾದರೊಂದು ದೊಡ್ಡದು ಬೇಕು ಅನಿಸತೊಡಗುತ್ತದೆ. ಕೆಲವರು ಟಿವಿ ದೊಡ್ಡದು ತರುತ್ತಾರೆ, ಕೆಲವರು ಮೀಸೆ ದೊಡ್ಡದು ಬಿಡುತ್ತಾರೆ. ನನ್ನ ಮೀಸೆ ನನ್ನ ಮಾತು ಕೇಳುವುದಿಲ್ಲವಾದ್ದರಿಂದ ನಾನು ಜೀಪಿಗೆ ದೊಡ್ಡ ಟೈರು ಹಾಕಿಸಿದೆ. ಅದು ಫೋರ್ ವ್ಹೀಲ್ ಡ್ರೈವ್ ಜೀಪು, ಕೆಸರು, ಬಂಡೆ, ಹೊಳೆ ಯಾವುದಕ್ಕೂ ಹೆದರುವಂಥದ್ದಲ್ಲ. ನಾನು ಅದನ್ನು ಓಡಿಸುವುದು ವಿನೋಬನಗರದ ಮನೆಯಿಂದ ಕಾಲೇಜಿನ ಆಫೀಸಿಗೆ, ಅಲ್ಲಿಂದ ಮನೆಗೆ, ಉದ್ದಕ್ಕೂ ಡಾಂಬರು. ಫೋರ್ ವ್ಹೀಲಿನ ಗೇರನ್ನು ಈವರೆಗೆ ಹಾಕಿದ್ದು ಒಂದೇ ಸಲ, ತ್ಯಾವರೆಕೊಪ್ಪದ ಸಫಾರಿಗೆ ಹೋದಾಗ, ಪಾರ್ಕಿಂಗಿನ ಹುಲ್ಲಿನ ಮೇಲೆ. ಅಗತ್ಯವೇನೂ ಇರಲಿಲ್ಲ. ಅದು ಯಾವ ಗೇರು ಅಂತ ಮಗಳು ಕೇಳಿದ್ದಳು, ಅಷ್ಟೇ.

ಜೀಪು ಅಸಲಿಗೆ ನನ್ನದಲ್ಲ, ನನ್ನ ಮಾವನವರದು ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಿಂದ ಮೂರು ಕ್ರಾಸ್ ಆಚೆ ಅವರ ಮನೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಬದುಕಿಡೀ ಫಿಟ್ಟರ್ ಆಗಿದ್ದವರು. ಯಂತ್ರದ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುವ ಕಿವಿ ಅವರದು. ಕಣ್ಣಿಗೆ ಪೊರೆ ಬಂದು ರಸ್ತೆ ಮಸುಕಾದಾಗ, ಮನಸ್ಸಿಲ್ಲದ ಮನಸ್ಸಿನಿಂದ ಕೀಯನ್ನು ನನ್ನ ಅಂಗೈಯಲ್ಲಿಟ್ಟಿದ್ದರು. ಕನ್ಯಾದಾನ ಮಾಡುವಾಗ ಕೂಡ ಅವರ ಕಣ್ಣು ಅಷ್ಟು ಒದ್ದೆಯಾಗಿರಲಿಲ್ಲ. "ಅಳಿಯಂದ್ರೇ, ಕಂಪನಿಯೋರು ಏನು ಹಾಕಿದಾರೋ ಅದೇ ಇರ್ಲಿ. ಒಂದು ನಟ್ಟು ಬದಲಾಯಿಸಿದ್ರೂ ಕೀ ವಾಪಸ್" ಅಂದಿದ್ದರು. ನಾನು ತಲೆಯಾಡಿಸಿದ್ದೆ. ಆಮೇಲೆ ಅವರಿಗೆ ಕಣ್ಣಿನ ಆಪರೇಷನ್ ಆಗಿ, ಒಂದು ತಿಂಗಳು ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೇ ಕೂತರು. ನಾನು ಟೈರು ಬದಲಾಯಿಸಿದ್ದು ಆ ತಿಂಗಳಲ್ಲಿ. ಇದು ಹೇಡಿತನ ಎಂದು ನೀವು ಹೇಳಬಹುದು. ಹೆಂಡತಿ ಆಗಲೇ ಹೇಳಿದ್ದಾಳೆ.

ಟೈರು ಚೆನ್ನಾಗಿದ್ದವು. ಮೊದಲ ಎರಡು ದಿನ ನಾನು ಕಾರಣವಿಲ್ಲದೆ ಗೇಟಿನ ಹತ್ತಿರ ಹೋಗಿ ನಿಂತು ಬರುತ್ತಿದ್ದೆ. ಮೂರನೆಯ ದಿನ ತರಕಾರಿ ತರಲು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟು, ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ ನೋಡಿ, ಎಡಗಡೆ ಮುಂದಿನ ಚಕ್ರದಿಂದ ಗರ್ರ್ ಅಂತ ಸದ್ದು. ಟೈರು ಒಳಗೆಲ್ಲೋ ಉಜ್ಜುತ್ತಿತ್ತು. "ಏನ್ರೀ ಅದು?" ಅಂದಳು. "ರಸ್ತೆ ಸರಿಯಿಲ್ಲ" ಅಂದೆ. ಮಾರನೆಯ ದಿನ ಒಬ್ಬನೇ ಹೋಗಿ ಅದೇ ತಿರುವಿನಲ್ಲಿ ತಿರುಗಿಸಿದರೆ ಸದ್ದೇ ಇಲ್ಲ! ಮತ್ತೆ ಅವಳನ್ನು ಕೂರಿಸಿಕೊಂಡರೆ ಗರ್ರ್. ಇದರ ಕಾರಣವನ್ನು ಎರಡನೆಯ ತರಗತಿಯ ಮಗುವೂ ಹೇಳೀತು. ನಾನು ಹೇಳಲಿಲ್ಲ, ಹತ್ತೊಂಬತ್ತು ವರ್ಷದ ಸಂಸಾರ ನಮ್ಮದು. ಬದಲಿಗೆ, ಪೂರ್ತಿ ಬಲಕ್ಕೆ ತಿರುಗಿಸಬೇಕಾಗದ ದಾರಿಗಳನ್ನೇ ಹುಡುಕಿಕೊಂಡು ಓಡಿಸತೊಡಗಿದೆ. ಸೊಪ್ಪು ತರಲು ಹೊರಟು ಅರ್ಧ ಊರು ಸುತ್ತುತ್ತಿದ್ದೆವು. ಸೊಪ್ಪು ಮನೆ ಸೇರುವ ಹೊತ್ತಿಗೆ ಬಾಡಿರುತ್ತಿತ್ತು.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಕುಂಸಿಯ ನೆಂಟರ ಗೃಹಪ್ರವೇಶ ಬಂತು. "ಭಾನುವಾರ ಜೀಪಲ್ಲೇ ಹೋಗೋಣ, ನಾನು ಮುಂದೆ ಕೂರ್ತೀನಿ, ಕಣ್ಣು ಈಗ ಫಸ್ಟ್‌ಕ್ಲಾಸಾಗಿದೆ" ಎಂದು ಮಾವ ಫೋನು ಮಾಡಿದರು. ಮಾವನವರ ದೇಹ ನನ್ನ ಹೆಂಡತಿಯದಕ್ಕಿಂತ ಒಂದೂವರೆ ಪಟ್ಟು. ಟೈರನ್ನು ಬೇಕಾದರೆ ಕೆಸರು ಮೆತ್ತಿ ಮರೆಮಾಡಬಹುದು, ಆ ಕಿವಿಯನ್ನು ಏನು ಮಾಡುವುದು? ಜೀಪು ಹೋಗುತ್ತದಲ್ಲ ಅನ್ನುವ ಸಂಕಟಕ್ಕೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಶಿವಮೊಗ್ಗದಲ್ಲಿ ರಿಪೇರಿಗೆ ಬಿಟ್ಟರೆ ಯಾರಾದರೂ ನೋಡಿ ಮಾವನಿಗೆ ಹೇಳುತ್ತಾರೆಂದು, ಬಹಳ ಯೋಚಿಸಿ, ಶನಿವಾರ ರಜೆ ಹಾಕಿ ಭದ್ರಾವತಿಗೆ ಹೋದೆ. ಮಾವ ಬದುಕಿಡೀ ದುಡಿದ ಊರಿಗೇ ಗುಟ್ಟು ಬಚ್ಚಿಡಲು ಹೋಗುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ. ಅಲ್ಲಿ ಸೆಲ್ವಂ ಎನ್ನುವವರ ಗ್ಯಾರೇಜು ಸಿಕ್ಕಿತು. ಅವರು ಸ್ಟೇರಿಂಗ್ ತಿರುಗಿಸಿ, "ಸದ್ದೇ ಬರ್ತಿಲ್ವಲ್ಲಾ ಸಾರ್?" ಅಂದರು.

"ಎಡಗಡೆ ಯಾರಾದ್ರೂ ಕೂತ್ರೆ ಬರುತ್ತೆ."

"ಹಂಗಾದ್ರೆ ನೀವೇ ಕೂತ್ಕೊಳ್ಳಿ." ಕೂತೆ. ಆಗಲೂ ಸದ್ದಿಲ್ಲ. ಸೆಲ್ವಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ತೂಕ ಸಾಲಲ್ಲ ಸಾರ್" ಅಂದರು. ಎಷ್ಟೋ ಜನ ಇದನ್ನು ಬೇರೆ ಬೇರೆ ರೀತಿಯಲ್ಲಿ ನನಗೆ ಹೇಳಿದ್ದಾರೆ. ಇಷ್ಟು ನೇರವಾಗಿ ಹೇಳಿದವರು ಅವರೊಬ್ಬರೇ. "ಇರಿ, ನಮ್ ಗುರು ಒಬ್ರು ಇದಾರೆ. ಫ್ಯಾಕ್ಟರೀಲಿ ನಂಗೆ ಕೆಲ್ಸ ಕಲಿಸ್ದೋರು. ಒಳ್ಳೆ ದೇಹ, ಸದ್ದು ಕೇಳೇ ಕಾಯಿಲೆ ಹೇಳ್ತಾರೆ. ಶಿವಮೊಗ್ಗದಿಂದ ಬಸ್ಸಲ್ಲಿ ಬರ್ಬೇಕು, ಒಂದು ಗಂಟೆ." ಹಾಗೆಂದು ಫೋನು ಮಾಡಿ ಕರೆಸಿದರು. ಇಷ್ಟು ಹೇಳಿದ ಮೇಲೂ ನನಗೆ ಹೊಳೆಯಲಿಲ್ಲ. ಕಾಫಿ ಕುಡಿಯುತ್ತಾ ಕೂತಿದ್ದೆ.

ಬಸ್‌ಸ್ಟ್ಯಾಂಡಿನಿಂದ ಬಂದ ಆಟೋದಿಂದ ಮಾವ ಇಳಿದರು. ಹೊಸ ಕಣ್ಣಿನಿಂದ ಮೊದಲು ಟೈರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಲೋಟ ಕೆಳಗಿಟ್ಟು ಎದ್ದು ನಿಂತೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಸೀದಾ ಹೋಗಿ ಎಡಗಡೆ ಸೀಟಿನಲ್ಲಿ ಕೂತರು. ಸೆಲ್ವಂ ಸ್ಟೇರಿಂಗ್ ತಿರುಗಿಸಿದರು. ಗರ್ರ್. ಮಾವನ ಮುಖದಲ್ಲಿ ಬೆಳಕು ಬಂತು. ರಿಟೈರ್ ಆದ ಮೇಲೆ ಅವರ ಮುಖ ಹಾಗಾಗಿದ್ದನ್ನು ನಾನು ನೋಡಿರಲಿಲ್ಲ.

"ಕುಂಕುಮ ತಗೊಂಬಾರೋ ಸೆಲ್ವಾ" ಅಂದರು. ಗ್ಯಾರೇಜಿನ ದೇವರ ಪಟದ ಮುಂದಿದ್ದ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಟೈರಿಗೆ ಬಳಿದರು. ಬಣ್ಣ ಎಲ್ಲಿ ಅಂಟುತ್ತದೋ ಅಲ್ಲಿ ಉಜ್ಜುತ್ತದೆ ಎಂದರ್ಥ; ಕಾರ್ಖಾನೆಯಲ್ಲಿ ಬೇರಿಂಗಿಗೂ ಹೀಗೇ ಬಣ್ಣ ಹಚ್ಚಿ ನೋಡುತ್ತಿದ್ದರಂತೆ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಟೈರಿಗೆ ಕೈಮುಗಿದು ಹೋದರು. ಜೀಪನ್ನು ಒಂದು ಸುತ್ತು ತಿರುಗಿಸಿ ನೋಡಿದರೆ, ಚಕ್ರದ ಹಿಂಭಾಗದ ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಅಂಗೈಯಗಲ ಕೆಂಪು. ಆ ಪ್ಲಾಸ್ಟಿಕ್ ಬಿಚ್ಚಿ, ಅದರ ಹಿಂದೆ ಎದ್ದು ನಿಂತಿದ್ದ ತಗಡಿನ ಅಂಚನ್ನು ಸುತ್ತಿಗೆಯಿಂದ ಮಡಚಿ, ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಒಳಕ್ಕೆ ಒತ್ತಿ ಕೂರಿಸಿದರು. ಗುರುಶಿಷ್ಯರಿಬ್ಬರೂ ನೆಲದಲ್ಲಿ ಬೋರಲು ಮಲಗಿ ಜಗಳವಾಡುತ್ತಾ ಮಧ್ಯಾಹ್ನ ಕಳೆದರು. ನಾನು ಟಾರ್ಚು ಹಿಡಿದಿದ್ದೆ. ಅದನ್ನೂ ಸರಿಯಾಗಿ ಹಿಡಿಯುತ್ತಿಲ್ಲ ಅಂತ ಎರಡು ಸಲ ಬೈಸಿಕೊಂಡೆ.

ಕೆಲಸ ಮುಗಿದ ಮೇಲೆ ಮಾವ ಇನ್ನೊಮ್ಮೆ ಎಡಗಡೆ ಕೂತು, ಸದ್ದು ಹೋಗಿದೆಯೆಂದು ಖಾತ್ರಿಮಾಡಿಕೊಂಡು, ಕೈ ಒರೆಸಿಕೊಂಡು, ಒಂದೇ ಮಾತು ಹೇಳಿದರು: "ಕೀ."

ಕೊಟ್ಟೆ. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಅವರೇ ಓಡಿಸಿದರು. ಸಿಕ್ಕ ಸರ್ಕಲ್ಲಿನಲ್ಲೆಲ್ಲ ಪೂರ್ತಿ ಬಲಕ್ಕೆ ತಿರುಗಿಸಿ ಒಂದು ಸುತ್ತು ಹಾಕಿದರು. ಎಲ್ಲೂ ಸದ್ದಿಲ್ಲ. ಜೀಪು ಸೀದಾ ಹೋಗಿ ಅವರ ಮನೆಯ ಮುಂದೆಯೇ ನಿಂತಿತು. ನಾನು ಮೂರು ಕ್ರಾಸ್ ನಡೆದು ಮನೆ ಸೇರಿದೆ.

ಭಾನುವಾರ ಕುಂಸಿಗೆ ಹೋದೆವು. ಸ್ಟೇರಿಂಗಿನಲ್ಲಿ ಮಾವ, ಪಕ್ಕದಲ್ಲಿ ನನ್ನ ಹೆಂಡತಿ, ಹಿಂದೆ ಬಾಳೆಗೊನೆಯ ಜೊತೆ ನಾನು. ಗೃಹಪ್ರವೇಶಕ್ಕೆ ಬಂದ ಗಂಡಸರೆಲ್ಲ ಮನೆಯನ್ನು ಬಿಟ್ಟು ಟೈರಿನ ಸುತ್ತ ಸೇರಿದರು. "ಕಂಪನಿಯೋರು ಹಾಕಿದ್ದು ಏನಕ್ಕೂ ಸಾಲ್ತಿರ್ಲಿಲ್ಲ ಮಾರಾಯ್ರೇ, ಅದಕ್ಕೆ ದೊಡ್ಡದು ಹಾಕ್ಸಿದ್ವಿ" ಎಂದು ಮಾವ ವಿವರಿಸುತ್ತಿದ್ದರು. ನಾನು ಬಾಳೆಗೊನೆ ಇಳಿಸುತ್ತಿದ್ದೆ. ನೆಂಟರಲ್ಲಿ ಒಬ್ಬರು ಕನಿಕರದಿಂದ ಹತ್ತಿರ ಬಂದು, "ಪಾಪ, ಕಣ್ಣು ಆಪರೇಷನ್ ಆದೋರು ಓಡಿಸ್ತಿದಾರೆ. ನಿಮಗೆ ಡ್ರೈವಿಂಗ್ ಬರಲ್ವಾ?" ಎಂದು ಕೇಳಿದರು.

"ಕಲೀತಿದೀನಿ" ಅಂದೆ.