ಪರದೆಯ ಮೇಲಿನ ಹಾಲಿನ ಕ್ಯಾನು

ಹಾಲಿನ ಕ್ಯಾನು ಕಾಣೆಯಾಗಿದ್ದು ಬೆಳಗ್ಗೆ ಒಂಬತ್ತೂವರೆಗೆ. ಹನ್ನೊಂದಕ್ಕೆ ಹಾಲಿನ ಸಂಘದ ಅಧ್ಯಕ್ಷೆ ಉಚ್ಚಂಗೆಮ್ಮ ತಮ್ಮ ಸಂಘದ ಆ್ಯಪ್ ನೋಡಲು ನ್ಯಾಮತಿ ಊರಿನ ಕಂಪ್ಯೂಟರ್ ಆಫೀಸಿಗೆ ಬರುವವರಿದ್ದರು. ಅವರು ಒಪ್ಪಿದರೆ ಜ್ಯೋತಿಲಕ್ಷ್ಮಿಯ ಕೆಲಸ ಕಾಯಂ ಎಂದು ಮಾಲೀಕ ನಾಗರಾಜಪ್ಪ ಮಾತು ಕೊಟ್ಟಿದ್ದರು.

ಆ ಕ್ಯಾನು ಅವಳು ಮೂರು ವಾರ ಕೂತು ಕೋಡ್ ಬರೆದು ಮಾಡಿದ ಚಿತ್ರ. ರೈತರು ಹಾಕಿದಷ್ಟು ಹಾಲು ಫೋನಿನ ಪರದೆಯಲ್ಲಿ ನೊರೆ ಸಮೇತ ಏರುತ್ತಿತ್ತು. ಪ್ರಯೋಗದ ಪುಟದಲ್ಲಿ ಚೆನ್ನಾಗಿಯೇ ಇತ್ತು. ಮುಖಪುಟದ ವಿನ್ಯಾಸದಲ್ಲಿ ಇಟ್ಟಾಗ ಮಾತ್ರ ಆ ಜಾಗ, ಮದುವೆಯ ಮರುದಿನದ ಕಲ್ಯಾಣ ಮಂಟಪದಂತೆ ಭಣಗುಟ್ಟಿತು.

“ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ರೀ,” ಎಂದ ಪಕ್ಕದ ಮೇಜಿನ ಪ್ರದೀಪ್. ಮಾಡಿದಳು. ಕ್ಯಾನು ಬರಲಿಲ್ಲ.

“ದಕ್ಷಿಣಕ್ಕೆ ಮುಖ ಮಾಡಿ ಕುಂತಿದೀಯಲ್ಲಮ್ಮ, ಹೆಂಗೆ ಬರತೈತೆ?” ಎಂದು ನಾಗರಾಜಪ್ಪ ಅವಳ ಮೇಜನ್ನೇ ತಿರುಗಿಸಿದರು. ಕಂಪ್ಯೂಟರಿನ ವೈರು ಕಿತ್ತು ಬಂತು. ಇಪ್ಪತ್ತು ನಿಮಿಷ ಅದಕ್ಕೇ ಹೋಯಿತು.

ಹತ್ತೂಕಾಲಿಗೆ ಅವಳು ಹಣೆ ಚಚ್ಚಿಕೊಂಡಳು. ಇಂಥ ಚಿತ್ರ ಪರದೆಯ ಮೇಲೆ ಹುಟ್ಟಲು ದಾರಿ ಎರಡು. ಕೋಡಿನಿಂದ ಕರೆದರೆ ಒಂದು ಇನಿಶಿಯಲೈಜರ್, ಅಂದರೆ ಚಿತ್ರವನ್ನು ಹುಟ್ಟಿಸುವ ಕೋಡಿನ ತುಣುಕು; ವಿನ್ಯಾಸದ ಫೈಲಿನಿಂದ ಬಂದರೆ ಇನ್ನೊಂದು. ಕ್ಯಾನು ಬಿಡಿಸುವ ಸಾಲುಗಳನ್ನೆಲ್ಲ ಅವಳು ಮೊದಲನೆಯದರಲ್ಲಿ ಮಾತ್ರ ಬರೆದಿದ್ದಳು. ಎರಡನೆಯ ದಾರಿಯಲ್ಲಿ ಬಂದ ಕ್ಯಾನಿಗೆ ತಾನು ಕ್ಯಾನು ಎಂಬುದೇ ಗೊತ್ತಿರಲಿಲ್ಲ.

ಆ ಸಾಲುಗಳನ್ನು ಒಂದೆಡೆ ಸೇರಿಸಿ, ಎರಡೂ ಇನಿಶಿಯಲೈಜರುಗಳಿಂದ ಕರೆದು, ನೀರು ಕುಡಿಯಲು ಎದ್ದಳು. ಬರುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಪ್ರದೀಪ್.

“ನಾನೂ ಒಂದು ಸಾಲು ಸೇರಿಸಿ ಇನ್ನೊಂದ್ಸಲ ಕರೆದೀನಿ ಕಣ್ರೀ, ಗಟ್ಟಿಯಾಗಿರ್ಲಿ ಅಂತ.”

ಪರದೆಯಲ್ಲಿ ಒಂದರ ಮೇಲೊಂದು ಎರಡು ಕ್ಯಾನು!

“ಗಟ್ಟಿಯಾಗಾಕೆ ಇದೇನು ಮೊಸರೇನ್ರೀ? ಏಳ್ರೀ ಮೇಲೆ!”

ಅವಳು ಆ ಸಾಲನ್ನು ಅಳಿಸುವುದಕ್ಕೂ ಉಚ್ಚಂಗೆಮ್ಮ ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು. ಫೋನು ಅವರ ಕೈಗಿಟ್ಟಳು. ಹಾಲು ಏರಿತು, ನೊರೆ ಬಂತು.

“ಇದ್ಯಾಕ್ರೀ ಕ್ಯಾನು?” ಉಚ್ಚಂಗೆಮ್ಮನ ಮುಖ ಸಣ್ಣದಾಯಿತು. “ಬೆಳಗ್ಗೆ ಪ್ರದೀಪಪ್ಪ ವಾಟ್ಸಾಪಲ್ಲಿ ಇದರ ಚಿತ್ರ ಕಳಿಸಿದ್ರಲ್ಲ, ನಡುವೆ ಬಿಳೀ ಜಾಗ ಇತ್ತು, ಅದೇ ಚಂದಿತ್ತು. ನನ್ ಫೋಟೋ ಹಾಕಾಕೆ ಬಿಟ್ಟೀರಿ ಅಂತ ಸಂಘದೋರಿಗೆಲ್ಲ ತೋರಿಸಿ ಒಪ್ಪಿಸ್ಕಂಡು ಬಂದೀನಿ.”

ನಾಗರಾಜಪ್ಪ ಪ್ರದೀಪನ ಬೆನ್ನು ತಟ್ಟಿದರು. “ಗಿರಾಕಿ ಮನಸ್ಸು ತಿಳ್ಕಂಡೋನು ಅಂದ್ರೆ ನೀನಪ್ಪ!” ಅಲ್ಲೇ ಅವನ ಕೆಲಸ ಕಾಯಂ ಆಯಿತು. ಆಮೇಲೆ ಜ್ಯೋತಿಲಕ್ಷ್ಮಿಯ ಕಡೆ ತಿರುಗಿದರು. “ಕ್ಯಾನು ತೆಗೆದುಬಿಡಮ್ಮ. ಫೋಟೋ ಗುಂಡಗಿರ್ಲಿ. ಸುತ್ತ ಒಂದು ಹೂವಿನ ಹಾರ ಹಾಕು, ಲಕ್ಷಣವಾಗಿ ಕಾಣತೈತೆ.”

ಬೇಡ ಎನ್ನಲು ಅವಳು ಬಾಯಿ ತೆರೆದಳು. ಉಚ್ಚಂಗೆಮ್ಮ ಆಗಲೇ ಖುಷಿಯಿಂದ ತಲೆಯಾಡಿಸುತ್ತಿದ್ದರು.

ಸಂಜೆ ಐದಕ್ಕೆ, ಹಾರ ಹಾಕಿದ ಫೋಟೋ ಸಮೇತ, ಆ್ಯಪ್ ಸಂಘದ ಸದಸ್ಯರಿಗೆಲ್ಲ ಹೋಯಿತು. ಐದೂಹತ್ತಕ್ಕೆ ಸವಳಂಗ ಊರಿನಿಂದ ಆಫೀಸಿಗೆ ಫೋನು ಬಂತು. ಎತ್ತಿಕೊಂಡ ಪ್ರದೀಪ್ ಎರಡು ಮಾತು ಕೇಳಿಸಿಕೊಂಡವನೇ ಅದನ್ನು ಜ್ಯೋತಿಲಕ್ಷ್ಮಿಯ ಕೈಗಿಟ್ಟ.

“ನಿಮ್ ಕೆಲಸದ್ದೇ ವಿಚಾರ, ನೀವೇ ಮಾತಾಡ್ರೀ.”

ಆ ಕಡೆ ಮುದುಕರೊಬ್ಬರು ಬಿಕ್ಕುತ್ತಿದ್ದರು. “ಅಧ್ಯಕ್ಷೆ ಅಮ್ಮೋರು ನಿನ್ನೆ ಚೆನ್ನಾಗೇ ಇದ್ರಲ್ಲವ್ವ... ಮಣ್ಣು ಮಾಡಾದು ಎಷ್ಟು ಗಂಟೆಗೆ?”