ನಾಲ್ಕು ಕಂಬದ ಲಿಫ್ಟಿನ ಬಗ್ಗೆ ಒಬ್ಬ ಸೊಸೆಯ ಅಹವಾಲು

ಮನೆ ಗ್ಯಾರೇಜಿಗೆ ಕಾರಿನ ಲಿಫ್ಟ್ ಮಾರುವ ಸಂಸ್ಥೆಯ
ಗ್ರಾಹಕ ಸಲಹಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಸಮಸ್ತ ಸಿಬ್ಬಂದಿಯೂ ತಾವು ಮಾರುವ ಕಂಬಗಳಷ್ಟೇ ನೆಟ್ಟಗೆ, ಅಲುಗಾಡದೆ, ಸೌಖ್ಯವಾಗಿದ್ದೀರೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಕೋರ್ಟಿನ ಎದುರಿನ ಅಂಗಡಿಯಲ್ಲಿ ಕೂತು ಜನರ ದೂರು-ಅರ್ಜಿಗಳನ್ನು ಟೈಪು ಮಾಡಿಕೊಡುವುದು ನನ್ನ ಕಸುಬು. ಬೇರೆಯವರ ಸಂಕಟಗಳಿಗೆ ‘ಮಾನ್ಯರೇ’ ಎಂದು ತಲೆಕಟ್ಟು ಹಾಕಿ ಹಾಕಿ ಪಳಗಿದ ಬೆರಳುಗಳು, ಸ್ವಂತದ್ದೊಂದು ದೂರು ಸಿಕ್ಕಿದ ಮೇಲೆ ಸುಮ್ಮನಿರಲು ಒಪ್ಪಲಿಲ್ಲ; ತಾವು ದೊಡ್ಡ ಮನಸ್ಸು ಮಾಡಿ ಕೊನೆಯವರೆಗೂ ಓದಬೇಕು.

ನಮ್ಮ ಮನೆಯಲ್ಲಿ ಕಾರು ಎರಡು, ಗ್ಯಾರೇಜು ಒಂದು. ಒಳಗೆ ನಿಲ್ಲುವುದು ನಮ್ಮ ಅತ್ತೆಯವರ ಕಾರು. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದವರು. ನಮ್ಮ ಬೀದಿಯಲ್ಲಿ ಯಾರಾದರೂ ತಿರುವಿಗೆ ಮುಂಚೆ ಕನ್ನಡಿ ನೋಡುತ್ತಾರೆಂದರೆ ಅದು ಅತ್ತೆಯವರಿಂದ ಬೈಸಿಕೊಂಡ ಫಲ. ಆ ಕಾರಿನಲ್ಲಿ ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕು ಇದೆ. ನನ್ನವರ ಕಾರು ಹೊರಗೆ ಮರದಡಿ ನಿಂತು ಹಕ್ಕಿಗಳ ಕೃಪೆಗೆ ಪಾತ್ರವಾಗುತ್ತಿರುತ್ತದೆ. ಕನ್ನಡಕದ ಅಂಗಡಿ ಇಟ್ಟಿರುವ ಅವರು ಒಂದು ಬೆಳಿಗ್ಗೆ, ಲಿಫ್ಟ್ ಹಾಕಿಸಿ ಒಂದರ ಮೇಲೊಂದು ಕಾರು ನಿಲ್ಲಿಸಿಬಿಡೋಣ ಎಂದಾಗ, ನಾನು ದೋಸೆ ಮಗುಚಿದಷ್ಟೇ ಸಲೀಸಾಗಿ ಹೂಂ ಎಂದೆ. ತಮ್ಮ ‘ಆಯ್ಕೆಯ ಕೈಪಿಡಿ’ ಮನೆಯೊಳಗೆ ಕಾಲಿಟ್ಟದ್ದು ಹಾಗೆ.

ಆ ಕೈಪಿಡಿಯನ್ನು ಎಷ್ಟು ಹೊಗಳಿದರೂ ಸಾಲದು. ಚಾವಣಿ ಎಷ್ಟು ಎತ್ತರ, ನೆಲದ ಕಾಂಕ್ರೀಟು ಎಷ್ಟು ದಪ್ಪ, ಕಾರಿನ ತೂಕವೆಷ್ಟು, ಬಾಗಿಲು ಪೂರ್ತಿ ತೆರೆದರೆ ಗೋಡೆಗೆ ತಾಗುತ್ತದೆಯೇ, ಕಾರನ್ನು ರಿಪೇರಿಗೆ ಎತ್ತುವಿರೋ ಸುಮ್ಮನೆ ನಿಲ್ಲಿಸಲು ಎತ್ತುವಿರೋ ಎಂದು ತಾವು ಕೇಳಿದಷ್ಟು ಪ್ರಶ್ನೆಗಳನ್ನು ಮದುವೆಗೆ ಮುಂಚೆ ನನ್ನ ಬಗ್ಗೆ ಇವರ ಮನೆಯವರು ಯಾರೂ ಕೇಳಿರಲಿಲ್ಲ. ನನ್ನವರು ಸ್ಟೂಲ್ ಹತ್ತಿ ಟೇಪು ಹಿಡಿದರು. ಗೇಟು-ಗ್ರಿಲ್ಲು ಬೆಸುಗೆ ಹಾಕುವ ನನ್ನ ಅಣ್ಣ, ಕಾಂಕ್ರೀಟಿನ ದಪ್ಪ ಪರೀಕ್ಷಿಸುತ್ತೇನೆಂದು ನೆಲಕ್ಕೆ ಡ್ರಿಲ್ಲು ಇಟ್ಟು ನೀರಿನ ಪೈಪಿಗೇ ತೂತು ಕೊರೆದ. ಅಷ್ಟಾಗಿಯೂ ಕಾಂಕ್ರೀಟು ಬೇಕಾದಷ್ಟು ದಪ್ಪವಿದೆ ಎಂದು ಒದ್ದೆ ಪ್ಯಾಂಟಿನಲ್ಲೇ ನಿಂತು ವರದಿ ಒಪ್ಪಿಸಿದ.

ಅಲ್ಲಿಂದ ಮನೆ ಇಬ್ಭಾಗವಾಯಿತು. ಎರಡು ಕಂಬದ್ದೇ ಬೇಕು, ಚಕ್ರಗಳು ಗಾಳಿಯಲ್ಲಿ ಇಳಿಬಿದ್ದಿದ್ದರೆ ತಾನೇ ಬಂದು ರಿಪೇರಿ ಮಾಡಿಕೊಡಬಹುದು ಎಂದು ಅಣ್ಣ. ನಾಲ್ಕು ಕಂಬದ್ದೇ ಬೇಕು, ಕಾರು ಚಕ್ರದ ಮೇಲೇ ನೆಮ್ಮದಿಯಾಗಿ ನಿಂತಿರಬೇಕು ಎಂದು ನನ್ನವರು. ಇಬ್ಬರೂ ಊಟದ ಮೇಜಿನ ಮೇಲೆ ಚಮಚಗಳನ್ನು ಕಂಬ ಮಾಡಿ, ಉಪ್ಪಿನ ಡಬ್ಬಿಯನ್ನು ಎತ್ತಿ ಇಳಿಸಿ ವಾದಿಸುತ್ತಿದ್ದರೆ, ನಾನು ಉಪ್ಪಿಲ್ಲದೆಯೇ ಉಂಡು ಏಳುತ್ತಿದ್ದೆ. ಕೊನೆಕೊನೆಗೆ ಅಣ್ಣ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದ. ಅತ್ತೆಯವರನ್ನು ಮಾತ್ರ ಯಾರೂ ಏನೂ ಕೇಳಲೇ ಇಲ್ಲ.

ಇಬ್ಬರಿಗೂ ರಾಜಿ ಮಾಡಿಸಲೆಂದು ಒಂದು ಭಾನುವಾರ ಎಲ್ಲರನ್ನೂ ತಮ್ಮ ಷೋರೂಮಿಗೆ ಹೊರಡಿಸಿದವಳು ನಾನೇ. ಅಳತೆಗೆ ಸರಿಯಾಗಲೆಂದು ಅತ್ತೆಯವರ ಕಾರನ್ನೇ ಒಯ್ದೆವು. ನನ್ನವರು ಓಡಿಸಿದರು, ಅತ್ತೆಯವರು ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಗನ ಪರವಾಗಿ ಬ್ರೇಕು ಒತ್ತುತ್ತ ಬಂದರು. ತಮ್ಮ ಮಾರಾಟಗಾರರು ಕಾರನ್ನು ನಾಲ್ಕು ಕಂಬದ ಲಿಫ್ಟಿನ ಮೇಲೆ ನಿಲ್ಲಿಸಿಕೊಂಡು, ನಮ್ಮನ್ನೆಲ್ಲ ಇಳಿಸಿ, ಗೋಡೆಯ ಮೇಲಿನ ಚಿತ್ರಗಳನ್ನು ತೋರಿಸಲು ಕರೆದೊಯ್ದರು. ಮಾನ್ಯರೇ, ಅಷ್ಟು ವಿಶಾಲವಾದ, ಮುಖ ಕಾಣುವಂತೆ ನೆಲ ಹೊಳೆಯುವ ಷೋರೂಮಿನಲ್ಲಿ ಗ್ರಾಹಕರಿಗೆಂದು ಒಂದೇ ಒಂದು ಕುರ್ಚಿ ಇಲ್ಲ. ಮಂಡಿನೋವಿನ ಅತ್ತೆಯವರು ಸುತ್ತಲೂ ನೋಡಿ, ಯಾರಿಗೂ ಹೇಳದೆ, ಹೋಗಿ ತಮ್ಮ ಕಾರಿನ ತಮ್ಮ ಸೀಟಿನಲ್ಲೇ ಒರಗಿ ಕಣ್ಣು ಮುಚ್ಚಿದರು.

ಇದಾವುದೂ ತಿಳಿಯದ ಮಾರಾಟಗಾರರು ಗುಂಡಿ ಒತ್ತಿದರು.

ಲಿಫ್ಟು ಏರಿದ ಬಗೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಳಗಿದ್ದವರಿಗೆ ಎಚ್ಚರವಾದದ್ದು ಮೇಲೆ ತಲುಪಿ, ಬೀಗ ಟಕ್ಕೆಂದ ಮೇಲೆಯೇ ಅಂತೆ. ಕೆಳಗೆ ನಮ್ಮ ಮನೆಯ ಇಬ್ಬರು ಪರಿಣತರು ಕಾರಿನ ಹೊಟ್ಟೆ ನೋಡುತ್ತ ನಿಂತರು. ಅಣ್ಣನಿಗೆ ಅದೇ ಹೊತ್ತಿನಲ್ಲಿ ಒಂದು ಸಂಶಯ ಹುಟ್ಟಿತು: ದಿನಾ ಅಂಗಡಿಗೆ ಹೋಗುವ ನನ್ನವರ ಕಾರು ಕೆಳಗಿರಲಿ, ಸರಿ, ಆದರೆ ದಿನಾ ತರಕಾರಿಗೆ, ಲೈಬ್ರರಿಗೆ ಅಂತ ಹೊರಡುವ ಅತ್ತೆಯವರ ಕಾರನ್ನು ಮೇಲೇರಿಸಿದರೆ ಅವರು ಅದನ್ನು ತೆಗೆಯುವುದು ಹೇಗೆ? ನನ್ನವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ತೆಗೀಬಾರದು ಅಂತಾನೇ ಭಾವ. ಅಮ್ಮನಿಗೆ ನೋಡಿದ್ದರ ನಡುಭಾಗ ಮಂಜಾಗಿ ಕಾಣುತ್ತೆ. ಡಾಕ್ಟ್ರು ರಸ್ತೆಗೆ ಇಳೀಲೇಬಾರದು ಅಂದಿದಾರೆ. ನನ್ನ ಅಂಗಡಿಯ ಕಣ್ಣು ಪರೀಕ್ಷೆ ಚಾರ್ಟನ್ನ ಬಾಯಿಪಾಠ ಮಾಡ್ಕೊಂಡು ಬಂದು ಓದಿ ತೋರಿಸ್ತಾಳೆ. ಓಡಿಸಬೇಡ ಅಂತ ನಾನು ಹೇಗೆ ಹೇಳ್ಲಿ? ನನಗೆ ಕಲಿಸಿದವಳೇ ಅವಳು.”

ನಾನು ಮೊದಲ ಸಲ ಕೇಳುತ್ತಿದ್ದೆ. ಇಷ್ಟು ದಿನದ ಟೇಪು, ಚಮಚ, ಉಪ್ಪಿನ ಡಬ್ಬಿ ಎಲ್ಲ ಒಂದೇ ಒಂದು ಮಾತನ್ನು ಹೇಳದೆ ಇರುವುದಕ್ಕೆ ಮಾಡಿದ ಏರ್ಪಾಡು ಎಂದು ಅರ್ಥವಾಗುವಷ್ಟರಲ್ಲಿ, ತಲೆಯ ಮೇಲೆ ಕಾರಿನ ಗಾಜು ಕಿರ್ರೆಂದು ಇಳಿಯಿತು. ತಮ್ಮ ಮಾರಾಟಗಾರರ ಕೈಯಲ್ಲಿದ್ದ ಪೆನ್ನು ಬಿತ್ತು.

“ಕೀ ಕೊಡು ಅಂತ ಕೇಳಬಹುದಿತ್ತಲ್ಲೋ,” ಎಂದಿತು ಮೇಲಿನ ದನಿ. ಸಿಟ್ಟಿರಲಿಲ್ಲ, ಕ್ಲಚ್ಚು ಯಾಕೆ ಬಿಟ್ಟೆ ಎಂದು ಕೇಳುವ ದನಿಯೇ.

ನನ್ನವರು ಕತ್ತೆತ್ತಿ ನೋಡಿದರು. “ಕೇಳಿದ್ರೆ ಕೊಡ್ತಿದ್ಯಾ ಅಮ್ಮ?”

ಅತ್ತೆಯವರ ತಲೆ ಕಿಟಕಿಯಿಂದ ಹೊರಗೆ ಬಂತು.

“ಕೊಡ್ತಿರ್ಲಿಲ್ಲ. ಆದ್ರೂ ಕೇಳ್ಬೇಕಿತ್ತು.”

ಕೂಡಲೇ ಇಳಿಸಿ ಎಂದು ನಾವೆಲ್ಲ ಮುಗಿಬಿದ್ದರೆ, ತಮ್ಮ ಮಾರಾಟಗಾರರು ಬೆವರು ಒರೆಸಿಕೊಳ್ಳುತ್ತ, ಬೀಗ ಬಿಚ್ಚಿಕೊಳ್ಳಬೇಕಾದರೆ ಮೊದಲು ಇನ್ನೂ ಸ್ವಲ್ಪ ಮೇಲೆ ಎತ್ತಬೇಕಾಗುತ್ತದೆ ಎಂದರು. ಸುರಕ್ಷತೆಗೆಂದೇ ಮಾಡಿದ ಅಂಥ ಯೋಜನೆಗೆ ನನ್ನ ನಮಸ್ಕಾರ. ಹಾಗೆ ಇನ್ನಷ್ಟು ಉನ್ನತಿಗೇರಿ, ಆಮೇಲೆ ನೆಲಕ್ಕಿಳಿದ ಅತ್ತೆಯವರು ಸೆರಗು ಸರಿಮಾಡಿಕೊಂಡು, ಏರುವಾಗ ಇಳಿಯುವಾಗ ಒಂದಿಷ್ಟೂ ಅಲ್ಲಾಡಲಿಲ್ಲ, ಇದೇ ಇರಲಿ ಎಂದುಬಿಟ್ಟರು. ಹೋಲಿಸಿ ನೋಡಲು ಎರಡು ಕಂಬದ್ದರ ಮೇಲೂ ಒಮ್ಮೆ ಕೂರಿಸಿ ಎತ್ತಿ ಎಂದು ಅವರೇ ಕೇಳಿದ್ದಕ್ಕೆ ತಮ್ಮ ಮಾರಾಟಗಾರರು ಕೈ ಮುಗಿದರು. ಖುದ್ದು ಏರಿ ಬಂದವರ ಎದುರು ವಾದ ಹೂಡುವ ಧೈರ್ಯ ಅಣ್ಣನಿಗೂ ಉಳಿದಿರಲಿಲ್ಲ.

ಮನೆಗೆ ಬರುವಾಗ ಅತ್ತೆಯವರ ಕಾಲು ಒಮ್ಮೆಯೂ ಬ್ರೇಕಿನ ಮೇಲೆ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರು ಕಾಫಿ ಮುಗಿಸಿ ತಮ್ಮ ಷರತ್ತನ್ನು ತಿಳಿಸಿದರು. ರಸ್ತೆಗೆ ಇಳಿಯುವುದಿಲ್ಲ, ಮಾತು ಅಂದರೆ ಮಾತು. ಆದರೆ ಕೀ ತಮ್ಮ ಹತ್ತಿರವೇ ಇರುತ್ತದೆ; ಮತ್ತು ತಮ್ಮ ಕಾರು ಕೆಳಗೆ, ಮಗನದ್ದು ಮೇಲೆ. ನನ್ನವರು ಬದುಕಿದೆ ಎಂಬಂತೆ ಒಪ್ಪಿದರು.

ಮಾನ್ಯರೇ, ನನ್ನ ದೂರು ಇಲ್ಲಿದೆ. ಮೇಲಿನ ಕಾರು ಇಳಿಯಬೇಕಾದರೆ ಕೆಳಗಿನ ಕಾರನ್ನು ಮೊದಲು ಹೊರಗೆ ತೆಗೆಯಬೇಕು ಎಂಬುದನ್ನು ತಮ್ಮ ಕೈಪಿಡಿ ದಪ್ಪ ಅಕ್ಷರದಲ್ಲಿ ಏಕೆ ಹಾಕಿರಲಿಲ್ಲ? ಕಾರನ್ನು ಕಂಡರೇ ಅದರ ಹೊಟ್ಟೆಯೊಳಗಿನದನ್ನು ಹೇಳುವ ನಮ್ಮ ಅತ್ತೆಯವರಿಗೆ ಅದು ಲಿಫ್ಟಿನ ಮೇಲೆ ಕೂತಾಗಲೇ ಹೊಳೆದಿತ್ತು. ನಮಗೆ ಹೊಳೆದದ್ದು ಲಿಫ್ಟು ಕೂರಿಸಿದ ಮಾರನೆಯ ದಿನ, ನನ್ನವರು ಅಂಗಡಿಗೆ ಹೊರಟು ನಿಂತಾಗ.

ಈಗ ದಿನವೂ ಬೆಳಿಗ್ಗೆ ನನ್ನವರು ಚೀಲ ಹಿಡಿದು, ಅಮ್ಮ, ಕಾರು ತೆಗೀತೀಯಾ ಎಂದು ಕೇಳುತ್ತಾರೆ. ಅತ್ತೆಯವರು ಅವಸರವಿಲ್ಲದೆ ಬಂದು ಸೀಟು ಸರಿಪಡಿಸಿ, ಬೆಲ್ಟು ಬಿಗಿದು, ಮೂರೂ ಕನ್ನಡಿ ನೋಡಿ, ಅಂಗಳದಲ್ಲಿ ಯಾರೂ ಇಲ್ಲದಿದ್ದರೂ ಒಮ್ಮೆ ಹಾರ್ನ್ ಹೊಡೆದು, ಕಾರನ್ನು ಗ್ಯಾರೇಜಿನಿಂದ ಗೇಟಿನ ಪಕ್ಕದವರೆಗೆ ತರುತ್ತಾರೆ. ಗೇಟು ಮುಚ್ಚಿಕೊಂಡು, ಮಾರ್ಗದಲ್ಲಿ ನಾಯಿ ಬೆಕ್ಕು ಬಾರದಂತೆ ಕೈ ಅಡ್ಡ ಹಿಡಿದು ನಿಲ್ಲುವವಳು ನಾನು. ನನ್ನವರು ದಿನಾ ತಡವಾಗಿ ಅಂಗಡಿ ತೆರೆಯುತ್ತಾರೆ. ಒಂದು ದಿನವೂ ಬೇಗ ಬೇಗ ಎಂದಿಲ್ಲ. ಅಣ್ಣ ಮೊನ್ನೆ ಬಂದವನು, ಲಿಫ್ಟಿನ ಪಕ್ಕದಲ್ಲೇ ಪೂರಾ ಒಂದು ಗಂಟೆ ಅತ್ತೆಯವರೊಂದಿಗೆ ಇಂಜಿನ್ನಿನ ಸದ್ದು ಕೇಳುತ್ತ ಕೂತಿದ್ದ.

ಆದುದರಿಂದ ತಮ್ಮಲ್ಲಿ ನನ್ನ ಒಂದೇ ಒಂದು ವಿನಂತಿ. ತಮ್ಮ ಲಿಫ್ಟುಗಳು ಎತ್ತರವನ್ನು ಹೆಚ್ಚಿಸುತ್ತವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಗ್ಯಾರೇಜಿನಿಂದ ಗೇಟಿನವರೆಗಿನ ದೂರವನ್ನು ಕೊಂಚ ಹೆಚ್ಚಿಸುವಂಥ ಮಾದರಿ ಯಾವುದಾದರೂ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ. ಕಾಂಕ್ರೀಟು ಬೇಕಾದಷ್ಟು ದಪ್ಪವಿದೆ.

ಮುಂಜಾನೆಯ ಹೊಗೆಯಲ್ಲಿ ನಿಂತು ಕೆಮ್ಮುತ್ತಲೇ ತಮ್ಮ ಏಳಿಗೆ ಬಯಸುವ,
ತಮ್ಮ ವಿಶ್ವಾಸಿ,
ಆ ಮನೆಯ ಸೊಸೆ

ಮರೆತ ಮಾತು: ‘ಇನ್ನೂ ಲಿಫ್ಟ್ ಆರಿಸಿಕೊಂಡಿಲ್ಲವೇ? ನಮ್ಮ ತಜ್ಞರೊಂದಿಗೆ ಮಾತಾಡಿ’ ಎಂಬ ತಮ್ಮ ಸಂದೇಶ ಈಗಲೂ ವಾರಕ್ಕೊಮ್ಮೆ ನನ್ನವರ ಫೋನಿಗೆ ಬರುತ್ತಿದೆ. ಇನ್ನು ಮುಂದೆ ಅದನ್ನು ಅತ್ತೆಯವರ ಫೋನಿಗೆ ಕಳಿಸಬೇಕಾಗಿ ಕೋರಿಕೆ. ತಮ್ಮ ತಜ್ಞರೊಂದಿಗೆ ಮಾತಾಡಲು ಅವರು ಬಹಳ ಆಸಕ್ತರಾಗಿದ್ದಾರೆ. ತಜ್ಞರಿಗೆ ಗೇರು ಹಾಕಲು ಸರಿಯಾಗಿ ಬರುತ್ತದೆಯೇ ಎಂಬುದರಿಂದ ಮಾತು ಶುರುಮಾಡುವರಂತೆ.