ದೊಡ್ಡಪ್ಪನ ಸಿನಿಮಾದಲ್ಲಿ ಪುಟ್ಟಿಯ ಆನೆ

ನಮ್ಮ ಭಾವನವರಷ್ಟು ಮಕ್ಕಳ ಆಟಿಕೆಗಳನ್ನು ಪ್ರೀತಿಸುವವರು ಇಡೀ ಹೊಳೆನರಸೀಪುರದಲ್ಲಿ ಇನ್ನೊಬ್ಬರಿಲ್ಲ. ಅದಕ್ಕೇ ಅವರು ಅವನ್ನು ಮಕ್ಕಳ ಕೈಗೆ ಕೊಡುವುದಿಲ್ಲ!

ಭಾವ ಎಂದರೆ ನಮ್ಮ ಯಜಮಾನರ ದೊಡ್ಡಣ್ಣ, ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಊಟದ ಹೊತ್ತಿಗೆ ಮಕ್ಕಳ ಮುಂದೆ ಫೋನು ಹಿಡಿಯುವ ತಾಯಂದಿರಿಗೆ ಆಟಿಕೆಯ ಬೆಲೆ ತಿಳಿಯಲಿ, ಒಂದು ಕಾರ್ಟೂನ್ ಮಾಡಿಕೊಡಿ ಎಂದು ಬೀದಿಯ ಅಂಗನವಾಡಿ ಟೀಚರ್ ಕೇಳಿದ್ದೇ ತಡ, ನಮ್ಮ ನಡುಮನೆ ಸ್ಟುಡಿಯೋ ಆಯಿತು. ಕಥೆ ಇಷ್ಟೇ: ಮರೆತುಹೋದ ಆನೆಬೊಂಬೆಯೊಂದು ತನ್ನ ಮಗುವನ್ನು ಹುಡುಕಿಕೊಂಡು ಹೊರಡುತ್ತದೆ. ನಾಯಕನ ಪಾತ್ರಕ್ಕೆ ಪುಟ್ಟಿಯ ಬಟ್ಟೆ ಆನೆ. ಪುಟ್ಟಿ ನಾನು ಹರಕೆ ಹೊತ್ತು ತಡವಾಗಿ ಹೆತ್ತ ಮಗಳು, ಈಗ ನಾಲ್ಕು ವರ್ಷ. ನನ್ನ ಹಳೆಯ ರವಿಕೆಯಲ್ಲಿ ಹೊಲಿದ ಆ ಆನೆಯನ್ನು ತಬ್ಬಿಕೊಳ್ಳದೆ ಅವಳಿಗೆ ನಿದ್ದೆಯಿಲ್ಲ.

"ನಾಕು ದಿನುಕ್ಕೆ ಕೊಡು ಮಗ, ಸಿನಿಮಾಕ್ಕೆ ಸೇರುಸ್ತೀನಿ" ಎಂದು ಭಾವ ಈಸಿಕೊಂಡರು.

ಆನೆಯನ್ನು ಕೂದಲೆಳೆಯಷ್ಟು ಸರಿಸುವುದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ಫೋಟೊ. ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಆನೆ ನಡೆಯುತ್ತದಂತೆ! ಬೆಳಗಿನಿಂದ ಸಂಜೆಯವರೆಗೆ ದುಡಿದರೆ ಅದು ಒಂದು ಸಲ ಸೊಂಡಿಲು ಎತ್ತುತ್ತಿತ್ತು. ಅಷ್ಟರಲ್ಲಿ ಅರಕಲಗೂಡಿನ ಕಡೆಯ ಕಾಡಾನೆಗಳು ಎರಡು ತೋಟ ಮುಗಿಸಿರುತ್ತವೆ!

ಸುತ್ತ ಸೀಮೆಸುಣ್ಣದ ಗೆರೆ, ದಾಟುವಂತಿಲ್ಲ. ಫ್ಯಾನ್ ಹಾಕುವಂತಿಲ್ಲ, ಆನೆಯ ಕಿವಿ ಅಲ್ಲಾಡುತ್ತದೆ. ಕಡೆಗೆ ದೇವರ ಮನೆಗೂ ಕಾನೂನು ಬಂತು.

"ಆರತಿ ಬೆಳಗ್ಬ್ಯಾಡ ಕಣಮ್ಮ, ಆನೆ ಮೊಕದ್ ಮ್ಯಾಲೆ ಬೆಳಕು ಅಲ್ಲಾಡ್ತದೆ."

"ಒಳಗೂ ಒಬ್ಬ ಆನೆ ಮೊಕದೋನು ಕೂತವ್ನೆ ಭಾವ! ಅವ್ನು ಇದುವರ್ಗೂ ಬ್ಯಾಡ ಅಂದಿಲ್ಲ!"

ಭಾವ ನಕ್ಕು ಐದು ನಿಮಿಷ ಬಿಟ್ಟುಕೊಟ್ಟರು. ಅಷ್ಟಾದರೂ ಸಿಕ್ಕಿತಲ್ಲ ಶಿವನೇ ಎಂದು ಬೇಗಬೇಗ ಬೆಳಗಿದೆ.

ನಾಲ್ಕು ದಿನ ಹೋಗಿ ಮೂರು ವಾರವಾಯಿತು. ಪುಟ್ಟಿ ದಿನವೂ ಗೆರೆಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, "ದೊಡ್ಡಪ್ಪ, ಇವತ್ತು ಮುಟ್ಬೋದಾ?" ಎನ್ನುವಳು.

"ಇನ್ನೊಂದೇ ಸೀನು ಮಗ."

ಒಂದು ಮಧ್ಯಾಹ್ನ ನನ್ನ ಸೆರಗು ಜಗ್ಗಿದಳು. "ಅಂಗಾದ್ರೆ ಫೋನಾದ್ರೂ ಕೊಡಮ್ಮ!"

ಫೋನು ಬಿಡಿಸಲು ಹೊರಟ ಸಿನಿಮಾದ ಮೊದಲ ಫಲ ನಮ್ಮ ಮನೆಗೇ ಬರಬೇಕೇ? ಭಾವ ಮಾತ್ರ ತಲೆ ಎತ್ತಲಿಲ್ಲ.

ಅಂಗನವಾಡಿಯಲ್ಲಿ ಸಿನಿಮಾ ತೋರಿಸಬೇಕಿದ್ದ ತಾಯಂದಿರ ಸಭೆಗೆ ಒಂದೇ ದಿನ ಉಳಿಯಿತು. ಕೊನೆಯ ದೃಶ್ಯದಲ್ಲಿ ಆನೆ ಸಂತೋಷವಾಗಿ ಕಾಣಬೇಕು. ಭಾವ ಸೊಂಡಿಲು ಎತ್ತಿದರು, ಇಳಿಸಿದರು, ಕಿವಿ ನೆಟ್ಟಗೆ ಮಾಡಿದರು. "ಏನ್ ಮಾಡುದ್ರೂ ಸಪ್ಪಗೈತಲ್ಲಮ್ಮ ಇದು!"

"ಅದುಕ್ಕೆ ನಿದ್ದೆ ಬಂದೈತೆ ದೊಡ್ಡಪ್ಪ" ಎಂದಳು ಪುಟ್ಟಿ, ಗೆರೆಯ ಅಂಚಿನಿಂದಲೇ. "ನಾನಿಲ್ದೆ ಅದು ಮನಿಕ್ಕಳಲ್ಲ."

ಭಾವ ಮೊಬೈಲು ಪಕ್ಕಕ್ಕಿಟ್ಟರು. ಆಮೇಲೆ ಹೆಗಲ ಟವೆಲ್ ತೆಗೆದು, ಬಗ್ಗಿ, ಗೆರೆ ಒರೆಸತೊಡಗಿದರು.

ಮರುದಿನ ಅಂಗನವಾಡಿಯಲ್ಲಿ ಸಿನಿಮಾ ಓಡಿತು. ಆನೆ ನಡೆಯಿತು, ಮೂಲೆ ಮೂಲೆಯಲ್ಲಿ ಮಗುವನ್ನು ಹುಡುಕಿತು. ಕೊನೆಯ ಫೋಟೊದಲ್ಲಿ ಮಾತ್ರ ಆನೆಯೇ ಇಲ್ಲ! ಬರೀ ನೆಲ, ಅರ್ಧ ಅಳಿಸಿದ ಗೆರೆ.

"ಆನೆ ಎಲ್ಲೋಯ್ತು ಮೇಷ್ಟ್ರೇ?" ಎಂದರು ತಾಯಂದಿರು.

ಭಾವ ತುಟಿಗೆ ಬೆರಳಿಟ್ಟು ಮುಂದಿನ ಚಾಪೆಯ ಕಡೆ ಕೈ ತೋರಿಸಿದರು. ಪುಟ್ಟಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಅವಳ ಗಲ್ಲದ ಕೆಳಗಿನಿಂದ ಒಂದು ಸೊಂಡಿಲು ಇಣುಕುತ್ತಿತ್ತು.